ಐಬಿಎಸ್‌ಗೆ ಪ್ರೊಬಯಾಟಿಕ್: ನಾನು ಪರೀಕ್ಷಿಸಿ ನೋಡುವ ಕ್ರಮ

ಐಬಿಎಸ್ (ಹೊಟ್ಟೆನೋವು, ಮಲವಿಸರ್ಜನೆಯ ಏರುಪೇರು ಮರುಕಳಿಸುವ ಕರುಳಿನ ತೊಂದರೆ) ಇರುವವರಿಗೆ ಮೊದಲ ಎರಡು ವಾರ ನಾನು ಪ್ರೊಬಯಾಟಿಕ್ (ಗುಣವಾಗಲೆಂದು ನುಂಗುವ ಜೀವಂತ ಜೀವಾಣುಗಳು) ಕೊಡುವುದೇ ಇಲ್ಲ. ಹೊಟ್ಟೆನೋವಿಗೆ, ಉಬ್ಬರಕ್ಕೆ ದಿನವೂ 0ಯಿಂದ 10ರೊಳಗೆ ಅಂಕ, ಎಷ್ಟು ಸಲ ಮಲವಿಸರ್ಜನೆ, ಮಲ ಗಟ್ಟಿಯೋ ನೀರೋ ಎಂದು ಗುರುತಿಸುವ ಬ್ರಿಸ್ಟಲ್ ಮಾಪಕದ 7 ಬಗೆಗಳಲ್ಲಿ ಯಾವುದು, ಇಷ್ಟನ್ನು ರೋಗಿ ಬರೆದಿಡಬೇಕು. ಐಬಿಎಸ್ ಪ್ರಯೋಗಗಳಲ್ಲಿ ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಜನ ಹಗುರಾಯಿತೆನ್ನುತ್ತಾರೆ. ಹಾಗಾಗಿ ಬರಿಯ ನೆನಪನ್ನು ನೆಚ್ಚುವಂತಿಲ್ಲ. ಮಲದಲ್ಲಿ ರಕ್ತ, ತೂಕ ಇಳಿತ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಇಲ್ಲಿಗೇ ನಿಲ್ಲಿಸಿ ತಪಾಸಣೆಗೆ ಕಳಿಸುತ್ತೇನೆ.

ಮುಂದಿನದು ತಳಿಯ ಆಯ್ಕೆ. ಪೊಟ್ಟಣದ ಮೇಲೆ ಬರೀ 'ಲ್ಯಾಕ್ಟೋಬ್ಯಾಸಿಲಸ್' ಎಂದು ಜೀವಾಣುವಿನ ಕುಲದ ಹೆಸರಷ್ಟೇ ಇದ್ದರೆ ಸಾಲದು. ಪ್ಲಾಂಟಾರಮ್ 299ವಿ, ಇನ್ಫ್ಯಾಂಟಿಸ್ 35624 ಎಂಬಂತೆ ಕೊನೆಯ ಗುರುತೂ ಇರಬೇಕು, ಏಕೆಂದರೆ ಪ್ರಯೋಗ ನಡೆದಿರುವುದು ಆ ತಳಿಯ ಮೇಲೆ. ಪ್ರಮಾಣ ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆಗೂ ಆಧಾರ ಕಡಿಮೆ. 35624 ತಳಿಯನ್ನು 362 ಮಹಿಳೆಯರಲ್ಲಿ ಪರೀಕ್ಷಿಸಿದ 2006ರ ಅಧ್ಯಯನದಲ್ಲಿ ಗುಣ ಕಂಡದ್ದು 10 ಕೋಟಿ ಜೀವಾಣುಗಳ ಕ್ಯಾಪ್ಸೂಲಿನಲ್ಲಿ. 10 ಲಕ್ಷದ್ದೂ 1000 ಕೋಟಿಯದ್ದೂ ಹುಸಿಮಾತ್ರೆಗಿಂತ ಮೇಲೇನಲ್ಲ. ದೊಡ್ಡ ಪ್ರಮಾಣದ ಪುಡಿ ಕ್ಯಾಪ್ಸೂಲಿನೊಳಗೇ ಅಂಟುಗಟ್ಟಿ ಕರಗದೆ ಉಳಿಯುತ್ತಿತ್ತಂತೆ!

ಒಟ್ಟು ಪುರಾವೆ ಗಟ್ಟಿಯಲ್ಲ. ಪ್ರಯೋಗಗಳು ಬಹಳ, ಆದರೆ ಹಲವು ಚಿಕ್ಕವು, ತಳಿಗಳೂ ಬೇರೆಬೇರೆ. ಅಮೆರಿಕದ ಜಠರಕರುಳು ತಜ್ಞರ ಸಂಘ 2020ರಲ್ಲಿ, ಸಂಶೋಧನೆಯ ಹೊರಗೆ ಐಬಿಎಸ್‌ಗೆ ಪ್ರೊಬಯಾಟಿಕ್ ಕೊಡಬೇಡಿ ಎಂದಿತು. 2021ರ ಬ್ರಿಟಿಷ್ ಮಾರ್ಗಸೂಚಿ, 12 ವಾರದವರೆಗೆ ನೋಡಿ, ಗುಣವಾಗದಿದ್ದರೆ ಬಿಡಿ ಎಂದಿತು. ನಾನು ಎರಡನೆಯದನ್ನು ಅನುಸರಿಸುತ್ತೇನೆ: ಒಂದೇ ತಳಿ, ಪೊಟ್ಟಣದಲ್ಲಿ ಹೇಳಿದಷ್ಟೇ ಪ್ರಮಾಣ, ದಿನವೂ. ನಾಲ್ಕನೇ ವಾರಕ್ಕೆ ಮುನ್ನ ತೀರ್ಪಿಲ್ಲ.

ಈ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಪಕ್ಕದ ಕಾರಣಗಳಿಂದ. ಕ್ಯಾಪ್ಸೂಲಿನಲ್ಲಿ ಇನ್ಯುಲಿನ್ ಎಂಬ ನಾರಿನಂಶ ಸೇರಿಸಿದ್ದರೆ ಅದು ದೊಡ್ಡ ಕರುಳಿನಲ್ಲಿ ಹುದುಗಿ ಗಾಳಿ ಹೆಚ್ಚಿಸುತ್ತದೆ. ದೂರು ಮಾತ್ರ ಜೀವಾಣುವಿನ ಮೇಲೆ. ಅದೇ ವಾರ ಪಥ್ಯವನ್ನೂ ಬದಲಿಸಿದರೆ ಯಾವುದು ಫಲಿಸಿತೆಂದು ತಿಳಿಯದು. ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರಿಗೆ ಕೊಡುವುದಿಲ್ಲ: ಈ ಜೀವಾಣುಗಳು, ಅದರಲ್ಲೂ ಬೌಲಾರ್ಡೈ ಎಂಬ ಯೀಸ್ಟ್, ರಕ್ತಕ್ಕೆ ಸೇರಿದ ಉದಾಹರಣೆಗಳಿವೆ.

500 ಅಂಕಗಳ ಐಬಿಎಸ್ ತೀವ್ರತೆ ಮಾಪಕದಲ್ಲಿ 50 ಅಂಕವಾದರೂ ಇಳಿದರೆ ಲಾಭವೆಂದು ಲೆಕ್ಕ. ಆಗಲೂ 12 ವಾರಕ್ಕೆ ನಿಲ್ಲಿಸುತ್ತೇನೆ. ತೊಂದರೆ ಮರಳಿದರೆ ಅದೇ ತಳಿ ಮತ್ತೆ. ಮರಳದಿದ್ದರೆ ಕ್ಯಾಪ್ಸೂಲಿನ ಅಗತ್ಯವಿಲ್ಲ.