ಸಾಂಕ್ರಾಮಿಕ ರೋಗದ ದಿನಗಳಲ್ಲಿ ಚರ್ಚಿನ ಆರಾಧನೆ: ಏನೇನು ಬದಲಿಸಬೇಕು

ಜ್ವರ, ಕೆಮ್ಮು, ಭೇದಿ ಇದ್ದವರು ಮನೆಯಲ್ಲೇ ಪ್ರಾರ್ಥಿಸಲಿ. ಕಾಯಿಲೆ ಬಿದ್ದವರಿಗೆ ಭಾನುವಾರದ ಪೂಜೆ ಕಥೋಲಿಕ ಸಭೆಯಲ್ಲೂ ಕಡ್ಡಾಯವಲ್ಲ. ಗಾಳಿಯಲ್ಲಿ ಹರಡುವ ರೋಗವಾದರೆ ಜನ ಸೇರುವ ಮೊದಲೇ ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ. ಜೋರಾಗಿ ಹಾಡಿದಷ್ಟೂ ಬಾಯಿಂದ ಹನಿಗಳು ಹೆಚ್ಚು ಹಾರುತ್ತವೆ; ಗೀತೆಗಳನ್ನು ಕಡಿಮೆ ಮಾಡಿ, ಮಾಸ್ಕ್ ಹಾಕಿಕೊಂಡೇ ಹಾಡಿ.

ಹೆಚ್ಚು ಎಡವುವುದು ಪ್ರಭುಭೋಜನದಲ್ಲಿ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವಾಗ. ಎಲ್ಲರೂ ಕುಡಿಯುವ ಒಂದೇ ಬಟ್ಟಲಿನ ಅಂಚು ಒರೆಸಿದರೆ ಸಾಲದು. ದ್ರಾಕ್ಷಾರಸದ ಆಲ್ಕೋಹಾಲ್ ರೋಗಾಣು ಕೊಲ್ಲುವಷ್ಟು ಗಾಢವಲ್ಲ. ಒಬ್ಬೊಬ್ಬರಿಗೂ ಪುಟ್ಟ ಲೋಟ ಕೊಡಿ, ಇಲ್ಲವೇ ರೊಟ್ಟಿ ಮಾತ್ರ. ರಸದಲ್ಲಿ ಅದ್ದಿ ತಿನ್ನುವುದೂ ಬೇಡ, ರೊಟ್ಟಿಯ ಜೊತೆ ಬೆರಳೂ ಅದ್ದುತ್ತದೆ. ಹಂಚುವವರು ಕನಿಷ್ಠ 60% ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಹಚ್ಚಿ, ಕೈ ಪೂರ್ತಿ ಆರಿದ ಮೇಲಷ್ಟೇ ಮೇಣದಬತ್ತಿಯ ಹತ್ತಿರ ಹೋಗಲಿ. ಹಸಿ ಕೈಗೆ ಬೆಂಕಿ ಹತ್ತೀತು. ವಾಂತಿಭೇದಿ ಹರಡಿದ್ದರೆ ಸ್ಯಾನಿಟೈಸರ್ ನೆಚ್ಚಬೇಡಿ, ಸೋಪಿನಿಂದ 20 ಸೆಕೆಂಡ್ ಉಜ್ಜಿ ತೊಳೆಯಿರಿ.