ಹೊಸ ಚಾಕು: ಅಲಗಿಗೆ ಗೀರು ಬೀಳದಂತೆ ಸಾಣೆ

ಸಕಲೇಶಪುರದ ಕಡೆ ಕುಲುಮೆಯೊಂದರಲ್ಲಿ ಹೇಳಿ ಮಾಡಿಸಿದ ಚಾಕು ಮನೆಗೆ ಬಂದಿದೆ ಎನ್ನಿ. ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿದ್ದು. ಅಲಗು ಫಳಫಳ ಅನ್ನುತ್ತಿದೆ, ಟೊಮೆಟೊ ಮೇಲಿಟ್ಟರೆ ಮಾತ್ರ ಜಾರುತ್ತದೆ. ಚಾಕು ಸರಿಯಿಲ್ಲ ಅಂದುಕೊಳ್ಳಬೇಡಿ. ಬಾಯಿ, ಅಂದರೆ ಕೊಯ್ಯುವ ಅಂಚು, ತೀರಾ ತೆಳುವಾಗಿದ್ದರೆ ಗಟ್ಟಿಯಾಗಲೆಂದು ಕಾಯಿಸಿ ಎಣ್ಣೆಗೋ ನೀರಿಗೋ ಅದ್ದುವಾಗ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು. ಅದಕ್ಕೇ ಸ್ವಲ್ಪ ದಪ್ಪ ಬಿಟ್ಟಿರುತ್ತಾರೆ. ಆ ದಪ್ಪವನ್ನು ಕೊನೆಗೆ ಕಲ್ಲಿನ ಮೇಲೆ ಇಳಿಸಬೇಕು.

ನಾನು ಮೊದಲ ಸಲ ಹಿತ್ತಲಿನ ಒಗೆಯುವ ಕಲ್ಲಿಗೇ ಉಜ್ಜಿದ್ದೆ. ಬಾಯಿ ಹರಿತವಾಯಿತು, ಅಲಗಿನ ತುಂಬ ಗೀರಾಯಿತು. ಇವತ್ತಿಗೂ ಆ ಚಾಕು ನೋಡಿದರೆ ಬೇಜಾರು. ಆ ಕಲ್ಲಿನ ಹರಳು ಒಂದೇ ಸಮ ಇರುವುದಿಲ್ಲ. ಬೇಲೂರಿನ ಶಿಲ್ಪಗಳ ಬಳಪದ ಕಲ್ಲೋ, ಉಕ್ಕು ಸವೆಸಲಾರದಷ್ಟು ಮೆದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಾಕು. ಒಂದು ಮುಖ ತರಿ, ಇನ್ನೊಂದು ನುಣುಪು. ಒಣ ಗ್ರೈಂಡರ್ ಚಕ್ರಕ್ಕೆ ಮಾತ್ರ ಕೊಡಬೇಡಿ. ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾಯುತ್ತದೆ. ನೀಲಿಗಟ್ಟಿತೆಂದರೆ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ, ಅಲ್ಲಿ ಹದ ಹೋಗಿದೆ ಎಂದರ್ಥ.

ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ಮುಳುಗಿಸಿಡಿ. ಎಣ್ಣೆ ಹಾಕಿ ಬಳಸುತ್ತಿದ್ದ ಕಲ್ಲಾದರೆ ಅದಕ್ಕೆ ಎಣ್ಣೆಯೇ ಇರಲಿ. ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ.

ಈಗ ಅಲಗನ್ನು ಕಾಪಾಡುವ ಕೆಲಸ. ಗೀರು ಬೀಳುವುದು ಎರಡು ಕಾರಣಕ್ಕೆ: ಕೈ ಜಾರಿ ಅಲಗು ಕಲ್ಲಿಗೆ ಮಲಗುವುದು, ಇಲ್ಲವೇ ಕಲ್ಲಿನಿಂದ ಬಿಟ್ಟ ಪುಡಿ ಅಲಗಿಗೂ ಬೆರಳಿಗೂ ಮಧ್ಯೆ ಸಿಕ್ಕಿಕೊಳ್ಳುವುದು. ಎರಡಕ್ಕೂ ಟೇಪೇ ಮದ್ದು. ಅಲಗನ್ನು ತೊಳೆದು ಒರೆಸಿ, ಎರಡೂ ಬದಿಗೆ ಎಲೆಕ್ಟ್ರಿಷಿಯನ್ನರ ಇನ್ಸುಲೇಷನ್ ಟೇಪ್ ಅಂಟಿಸಿ. ಬಾಯಿಯ ಕಡೆ 2–3 ಮಿಲಿಮೀಟರ್ ಮಾತ್ರ ಬಿಡಿ. ಅಂಟಿಸುವ ಮೊದಲು ಒಂದು ಕಣ ಮರಳೂ ಇರಬಾರದು, ಟೇಪಿನಡಿ ಸಿಕ್ಕರೆ ಅದೇ ಗೀರುತ್ತದೆ.

ಅಡುಗೆಮನೆ ಚಾಕುವಿಗೆ 20 ಡಿಗ್ರಿ ಆಸುಪಾಸಿನ ಓರೆ ಸಾಕು. ಅಳೆಯಲು ಕಾಗದದ ಮೂಲೆ ಇದೆ. ಅದು 90 ಡಿಗ್ರಿ. ಮಧ್ಯಕ್ಕೆ ಮಡಿಸಿದರೆ 45, ಇನ್ನೊಮ್ಮೆ ಮಡಿಸಿದರೆ 22.5. ಅದನ್ನು ಕಲ್ಲಿನ ಪಕ್ಕ ನಿಲ್ಲಿಸಿ, ಅಲಗನ್ನು ಅದೇ ಓರೆಗೆ ಎತ್ತಿ ಹಿಡಿಯಿರಿ. ಬಾಯಿಯ ಅಂಚಿಗೆ ಮಾರ್ಕರ್ ಪೆನ್ನಿಂದ ಮಸಿ ಬಳಿದು ನಾಲ್ಕು ಸಲ ಉಜ್ಜಿ ನೋಡಿ. ತುತ್ತತುದಿಯಲ್ಲಿ ಮಸಿ ಉಳಿದಿದ್ದರೆ ಚಾಕುವಿನ ಬೆನ್ನು ಇನ್ನೂ ಸ್ವಲ್ಪ ಏಳಬೇಕು. ಮೇಲ್ಭಾಗದ್ದು ಮಾತ್ರ ಉಳಿದಿದ್ದರೆ ಸ್ವಲ್ಪ ಇಳಿಯಬೇಕು.

ತರಿ ಮುಖದಲ್ಲಿ ಒಂದೇ ಬದಿಯನ್ನು, ಹಿಡಿಯ ಬಳಿಯಿಂದ ತುದಿವರೆಗೆ, ಹಗುರ ಒತ್ತಡದಲ್ಲಿ ಮಸೆಯುತ್ತಾ ಹೋಗಿ. ಹೊಸ ಚಾಕುವಿಗೆ ಇಲ್ಲಿ ಸಮಯ ಜಾಸ್ತಿ ಬೇಕು. ಬೇಗ ಮುಗಿಸೋಣ ಅಂತ ಒತ್ತಿದಿರೋ, ಓರೆ ತಪ್ಪುತ್ತದೆ. ಎದುರು ಬದಿಯ ಅಂಚಲ್ಲಿ ಉಕ್ಕು ಮಗುಚಿ ಕೂದಲೆಳೆಯಷ್ಟು ತರಿ ಎದ್ದಿರಬೇಕು, ಹಿಡಿಯಿಂದ ತುದಿವರೆಗೂ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಆಚೆಗೆ ಸರಿಸಿ ನೋಡಿದರೆ ಗೊತ್ತಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ, ಕೊಯ್ದೀತು. ಆಮೇಲೆ ಇನ್ನೊಂದು ಬದಿಗೂ ಅಷ್ಟೇ.

ನುಣುಪು ಮುಖಕ್ಕೆ ಹೋಗುವ ಮೊದಲು ಕಲ್ಲು, ಚಾಕು, ಕೈ ಮೂರನ್ನೂ ತೊಳೆಯಿರಿ. ತರಿ ಮುಖದ ಪುಡಿಯ ಒಂದು ಕಣ ಉಳಿದರೂ ಮಾಡಿದ್ದೆಲ್ಲ ಸುಮ್ನೆ. ಇಲ್ಲಿ ಒಂದೊಂದು ಬದಿಗೆ ಒಂದೊಂದು ಎಳೆತದಂತೆ, ಒತ್ತಡ ಕಡಿಮೆ ಮಾಡುತ್ತಾ ಬನ್ನಿ. ಅಂಚಿಗೆ ಎದ್ದಿದ್ದ ಉಕ್ಕಿನ ತರಿ ಉದುರುತ್ತದೆ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಬದಿಗೆ ಹತ್ತಿಪ್ಪತ್ತು ಸಲ ಎಳೆಯಿರಿ, ಬೆನ್ನು ಮುಂದಾಗಿ, ಬಾಯಿ ಹಿಂದಾಗಿ.

ಟೇಪನ್ನು ಬಾಯಿಯ ಕಡೆಯಿಂದ ಬೆನ್ನಿನತ್ತ ನಿಧಾನ ಬಿಡಿಸಿ. ಅಂಟು ಉಳಿದರೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ. ಪೇಪರ್ ಹಾಳೆ ಕೊಯ್ದು ನೋಡಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮತ್ತೆ ಟೇಪ್ ಹಾಕಿ ನುಣುಪು ಮುಖದಲ್ಲಿ ನಾಲ್ಕು ಎಳೆತ ಕೊಡಿ. ಈ ಉಕ್ಕು ಸ್ಟೇನ್‌ಲೆಸ್ ಅಲ್ಲ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು ಕಾಣಿಸುತ್ತದೆ. ತೊಳೆದ ಕೂಡಲೇ ಒರೆಸಿ, ಒಂದು ಹನಿ ಎಣ್ಣೆ ಸವರಿ ಎತ್ತಿಡಿ.