57 ಅಡಿ ಟವರ್ ಎಬ್ಬಿಸಿದ ಕಥೆ: ನನ್ನ ಅನುಭವ

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ, ಗೆದ್ದದ್ದು ಅದರಿಂದಲೇ ಶುರುವಾಗಿದ್ದು.

ನಾನು ಹ್ಯಾಮ್, ಅಂದರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ದೂರದವರ ಜೊತೆ ಮಾತಾಡುವವನು. ಬೆಂಗಳೂರಿನಲ್ಲಿ ಇದ್ದಾಗ ನನ್ನ ಆಂಟೆನಾ ಅಂದರೆ ತಾರಸಿ ಮೇಲಿನ ಒಂದು ಡೈಪೋಲ್, ಉದ್ದಕ್ಕೆ ಎಳೆದು ಕಟ್ಟಿದ ತಂತಿ. ಒಂದು ತುದಿ ನೀರಿನ ಟ್ಯಾಂಕಿಗೆ, ಇನ್ನೊಂದು ತುದಿ ಪಕ್ಕದ ಮನೆಯ ತೆಂಗಿನ ಮರಕ್ಕೆ. ಆ ಮನೆಯ ಅಂಕಲ್ ಕೇಳಿದ್ದು ಒಂದೇ ಪ್ರಶ್ನೆ, "ಏನಪ್ಪಾ, ಇದರ ಮೇಲೆ ಬಟ್ಟೆ ಒಣಹಾಕಬಹುದಾ?" ಅಷ್ಟೇ, ಮುಗಿಯಿತು. ಹಾಗಾಗಿ ಅಮೆರಿಕಕ್ಕೆ ಬಂದು ಇಲ್ಲಿನ ಪರೀಕ್ಷೆ ಬರೆದು ಹೊಸ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನನ್ನ ಗುರುತಿನ ಹೆಸರು, ತಗೊಂಡಾಗ (ಇಲ್ಲಿನ ಪ್ರಜೆ ಆಗಿರಬೇಕು ಅಂತೇನಿಲ್ಲ, ಒಂದು ಅಂಚೆ ವಿಳಾಸ ಇದ್ದರೆ ಸಾಕು) ಆಂಟೆನಾ ಒಂದು ಸಮಸ್ಯೆ ಆಗುತ್ತದೆ ಅಂತ ತಲೆಗೇ ಹೊಳೆದಿರಲಿಲ್ಲ.

ವರ್ಜೀನಿಯಾದಲ್ಲಿ ನಮ್ಮ ಮೊದಲ ಮನೆ ಟೌನ್‌ಹೌಸ್. ಅಲ್ಲಿ ಎಚ್‌ಒಎ ಇತ್ತು, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ. ಬಾಗಿಲಿಗೆ ಯಾವ ಬಣ್ಣ ಹೊಡೆಯಬೇಕು ಅಂತ ಹೇಳುವ ಜನ. ನಾನು ದಾರದಷ್ಟು ಸಣ್ಣ ತಂತಿಯೊಂದನ್ನು ಹಿಂದಿನ ಕಿಟಕಿಯಿಂದ ಮೇಪಲ್ ಮರಕ್ಕೆ ಎಳೆದೆ. ಬೇಸಿಗೆ ಪೂರ್ತಿ ಯಾರಿಗೂ ಕಾಣಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಎಲೆ ಉದುರಿತು ನೋಡಿ, ಬೋಳು ಕೊಂಬೆಗೆ ಕಟ್ಟಿದ ತಂತಿ ಇಡೀ ಬೀದಿಗೆ ಕಾಣುವ ಹಾಗಾಯಿತು. ನವೆಂಬರ್‌ನಲ್ಲಿ ಕಾಗದ ಬಂತು.

ನನಗೆ ಧೈರ್ಯ ಇತ್ತು, ಯಾಕೆಂದರೆ ನಾನು ಪಿಆರ್‌ಬಿ-1 ಓದಿದ್ದೆ. ಇಲ್ಲಿನ ರೇಡಿಯೋ, ಟಿವಿ ನಿಯಮ ಮಾಡುವ ಕೇಂದ್ರ ಸಂಸ್ಥೆ ಎಫ್‌ಸಿಸಿ 1985ರಲ್ಲಿ ಹೊರಡಿಸಿದ ಆದೇಶ ಅದು. ಊರು, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ರಾಜ್ಯ ಯಾವುದೇ ಇರಲಿ, ಹ್ಯಾಮ್ ಆಂಟೆನಾಗಳನ್ನು ಪೂರ್ತಿ ನಿಷೇಧಿಸುವ ಹಾಗಿಲ್ಲ, ನ್ಯಾಯವಾದ ಮಟ್ಟಿಗೆ ಜಾಗ ಕೊಡಬೇಕು, ತಮ್ಮ ಉದ್ದೇಶಕ್ಕೆ ಎಷ್ಟು ಕಡಿಮೆ ನಿರ್ಬಂಧ ಸಾಕೋ ಅಷ್ಟನ್ನೇ ಹಾಕಬೇಕು ಅನ್ನುತ್ತದೆ. ಇದು ನಂತರ ಎಫ್‌ಸಿಸಿ ನಿಯಮಗಳಲ್ಲೇ, 97.15ರಲ್ಲಿ ಸೇರಿತು. ನಾನು ಜಂಬದಿಂದ ಅದನ್ನು ಪ್ರಿಂಟ್ ತೆಗೆದು ಕಳಿಸಿದೆ. ಸಂಘದ ವಕೀಲರ ಉತ್ತರ ಎರಡೇ ಸಾಲು: ಇದು ಸರ್ಕಾರಗಳಿಗೆ ಅನ್ವಯ, ನೀವು ಮನೆ ಕೊಳ್ಳುವಾಗ ಸಹಿ ಹಾಕಿದ ಒಪ್ಪಂದಕ್ಕೆ ಅಲ್ಲ.

ಅವರು ಹೇಳಿದ್ದು ಸರಿಯಾಗಿತ್ತು. ಅದೇ ಹೊಟ್ಟೆ ಉರಿ.

ಇನ್ನೂ ಉರಿಯುವ ವಿಷಯ ಅಂದರೆ ಟಿವಿ ಡಿಶ್‌ಗೆ ರಕ್ಷಣೆ ಇದೆ. 1996ರ ನಿಯಮದ ಪ್ರಕಾರ ಒಂದು ಮೀಟರ್‌ವರೆಗಿನ ಡಿಶ್ ಹಾಕಿಕೊಳ್ಳಬೇಡಿ ಅಂತ ಎಚ್‌ಒಎ ಹೇಳುವ ಹಾಗಿಲ್ಲ. ಕ್ರಿಕೆಟ್ ನೋಡುವುದಕ್ಕೆ ಹಕ್ಕು, ಮಾತಾಡುವುದಕ್ಕೆ ಇಲ್ಲ! ಹ್ಯಾಮ್‌ಗಳಿಗೂ ಅಂಥ ರಕ್ಷಣೆ ಕೊಡುವ ಮಸೂದೆ 2016ರಲ್ಲಿ ಒಮ್ಮೆ, 2017ರಲ್ಲಿ ಇನ್ನೊಮ್ಮೆ ಕೆಳಮನೆಯಲ್ಲಿ ಪಾಸಾಯಿತು, ಎರಡು ಸಲವೂ ಸೆನೆಟ್ ದಾಟಲಿಲ್ಲ. ಹಾಗಾಗಿ ಎಚ್‌ಒಎ ಮನೆಗಳಲ್ಲಿರುವ ಹ್ಯಾಮ್‌ಗಳು ಅಟ್ಟದಲ್ಲಿ ತಂತಿ ಹಾಯಿಸಿಕೊಂಡು, ಮಳೆನೀರಿನ ಪೈಪನ್ನೇ ಆಂಟೆನಾ ಹಾಗೆ ಟ್ಯೂನ್ ಮಾಡಿಕೊಂಡು ಬದುಕುತ್ತಾರೆ. ಕೆಲವರು ಧ್ವಜಸ್ತಂಭದೊಳಗೆ ವರ್ಟಿಕಲ್ ಆಂಟೆನಾ ಬಚ್ಚಿಡುತ್ತಾರೆ, ಯಾಕೆಂದರೆ ರಾಷ್ಟ್ರಧ್ವಜ ಹಾರಿಸಬೇಡಿ ಅನ್ನುವ ಹಾಗಿಲ್ಲ ಅಂತ 2006ರಲ್ಲಿ ಬಂದ ಕಾನೂನು ಇದೆ. ನಾನು ತಂತಿ ಸುತ್ತಿಟ್ಟು ಮನೆ ಬದಲಾಯಿಸುವ ಯೋಚನೆ ಮಾಡಿದೆ.

ಎರಡನೇ ಮನೆ ಹುಡುಕುವಾಗ ಹೆಂಡತಿ ಅಡುಗೆಮನೆ ನೋಡಿದಳು, ನಾನು ಹಿತ್ತಲು ನೋಡಿದೆ. ಏಜೆಂಟ್ "ಇಲ್ಲಿ ಎಚ್‌ಒಎ ಇಲ್ಲ" ಅಂದ ಮಾತ್ರಕ್ಕೆ ನಂಬಬೇಡಿ. ಸಂಘ ಇಲ್ಲದಿದ್ದರೂ ಹಳೇ ಬಡಾವಣೆ ಮಾಡಿದವನು ಕ್ರಯಪತ್ರದಲ್ಲೇ ನಿಬಂಧನೆ ಬರೆಸಿಟ್ಟಿರುತ್ತಾನೆ, ಅದು ಮನೆ ಕೈ ಬದಲಾದರೂ ಜೊತೆಗೇ ಬರುತ್ತದೆ. ನಾವು ಎರಡು ಮನೆ ಬಿಟ್ಟದ್ದು ಇದೇ ಕಾರಣಕ್ಕೆ. "ರೀ, ಜನ ಸ್ಕೂಲ್ ನೋಡಿ ಮನೆ ತಗೋತಾರೆ, ನೀವು ಕಂಬ ನೋಡಿ ತಗೋತಿದ್ದೀರಾ" ಅಂದಳು. ಮೂರನೆಯದು, ಅರ್ಧ ಎಕರೆ ಜಾಗದ ಹಳೇ ಮನೆ. ಅದರ ಪತ್ರಗಳನ್ನು ಆಫರ್ ಹಾಕುವ ಮೊದಲೇ ತರಿಸಿ ಓದಿದೆ. ಕೋಳಿ ಸಾಕಬಾರದು ಅಂತ ಇತ್ತು, ಆಂಟೆನಾ ಬಗ್ಗೆ ಒಂದಕ್ಷರ ಇರಲಿಲ್ಲ.

ಇಷ್ಟೆಲ್ಲ ಎತ್ತರ ಯಾಕೆ ಬೇಕು ಅಂತ ಕೇಳುವವರಿಗೆ ಒಂದು ಲೆಕ್ಕ. 14 ಮೆಗಾಹರ್ಟ್ಸ್‌ನಲ್ಲಿ ಒಂದು ಅಲೆಯ ಉದ್ದ ಸುಮಾರು 70 ಅಡಿ. ಅಡ್ಡಡ್ಡ ಕಟ್ಟಿದ ಆಂಟೆನಾ 35 ಅಡಿ ಎತ್ತರದಲ್ಲಿದ್ದರೆ ಅದರ ಶಕ್ತಿಯ ಹೆಚ್ಚಿನ ಪಾಲು ನೆಲದಿಂದ 30 ಡಿಗ್ರಿ ಮೇಲಕ್ಕೆ ಹೋಗುತ್ತದೆ, 57 ಅಡಿಗೆ ಏರಿಸಿದರೆ ಅದು 18 ಡಿಗ್ರಿಗೆ ಇಳಿಯುತ್ತದೆ. ರೇಡಿಯೋ ಅಲೆ ಆಕಾಶದ ಮೇಲಿನ ಪದರಕ್ಕೆ ಬಡಿದು ನೆಲಕ್ಕೆ ಮರಳಿ, ಹೀಗೆ ನೆಗೆಯುತ್ತಾ ದೂರ ಹೋಗುತ್ತದೆ. ಕೋನ ತಗ್ಗಿದಷ್ಟೂ ಒಂದೊಂದು ನೆಗೆತಕ್ಕೂ ಜಾಸ್ತಿ ದೂರ. ಇಲ್ಲಿಂದ ಬೆಂಗಳೂರಿಗೆ 13,600 ಕಿಲೋಮೀಟರ್ ಚಿಲ್ಲರೆ, ಅದೂ ಉತ್ತರ ಧ್ರುವದ ಕಡೆಯಿಂದ ಹಾದು ಹೋಗಬೇಕು. ನೆಗೆತ ಕಡಿಮೆ ಆದಷ್ಟೂ ಒಳ್ಳೆಯದು ಅಲ್ವಾ? ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಚಿತ್ರ ಬರೆದು ಇಟ್ಟುಕೊಂಡೆ. ಮುಂದೆ ಇದೇ ಹಾಳೆ ನನ್ನನ್ನು ಉಳಿಸಿತು.

ಟವರ್‌ಗೆ ಅನುಮತಿ ಕೇಳಲು ಕೌಂಟಿಯ ಝೋನಿಂಗ್ ಆಫೀಸಿಗೆ ಹೋದೆ, ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ಆಫೀಸು ಅದು. ಕೌಂಟಿ ಹೆಸರು ಬೇಡ ಬಿಡಿ. ಕೌಂಟರಿನಲ್ಲಿದ್ದವರು ತಲೆ ಎತ್ತದೆ, "ಮನೆಗೆ 35 ಅಡಿ ಮಿತಿ, ಕಂಬಕ್ಕೂ ಅಷ್ಟೇ" ಅಂದರು. ನಾನು ವರ್ಜೀನಿಯಾ ಕಾನೂನಿನ 15.2-2293.1 ತೋರಿಸಿದೆ. ನಮ್ಮ ರಾಜ್ಯದಲ್ಲಿ ಪಿಆರ್‌ಬಿ-1ರ ಮಾತನ್ನೇ ಕಾನೂನು ಮಾಡಿ, ಅದಕ್ಕೆ ಅಂಕಿ ಕೂಡ ಸೇರಿಸಿದ್ದಾರೆ: ಚದರ ಮೈಲಿಗೆ 120 ಜನಕ್ಕಿಂತ ಜಾಸ್ತಿ ಇರುವ ಕಡೆ ಹ್ಯಾಮ್ ಆಂಟೆನಾದ ಎತ್ತರವನ್ನು 75 ಅಡಿಗಿಂತ ಕಡಿಮೆಗೆ ಕಟ್ಟಿಹಾಕುವ ಹಾಗಿಲ್ಲ, ಅದಕ್ಕಿಂತ ವಿರಳವಾದ ಕಡೆ 200 ಅಡಿ. ಅವರು ಓದಿದರು, ಇನ್ನೊಬ್ಬರನ್ನು ಕರೆದರು, ಇಬ್ಬರೂ ಸೇರಿ "ಇಲ್ಲ" ಅಂದರು.

ಇಲ್ಲಿ ನಾನು ಮಾಡಿದ ಒಂದು ಕೆಲಸ ಮಾತ್ರ ಯಾರಿಗೆ ಬೇಕಾದರೂ ಕಣ್ಣು ಮುಚ್ಚಿ ಹೇಳುತ್ತೇನೆ. ವಾದ ಮಾಡಲಿಲ್ಲ. "ಸರಿ, ಇದನ್ನೇ ಬರೆದು ಕೊಡಿ" ಅಂದೆ. ಬಾಯಿಮಾತಿನ "ಇಲ್ಲ" ಮೇಲೆ ಯಾರೂ ಅಪೀಲು ಹೋಗೋಕಾಗಲ್ಲ, ಬರೆದು ಕೊಟ್ಟ ತೀರ್ಮಾನದ ಮೇಲೆ 30 ದಿನದೊಳಗೆ ಹೋಗಬಹುದು. ಬರೆಯಬೇಕು ಅಂದಾಗ ಕಾಗದ ಕೌಂಟಿಯ ವಕೀಲರ ಮೇಜಿಗೆ ಹೋಗುತ್ತದೆ, ಅಲ್ಲಿ ಯಾರಾದರೂ ನಿಜವಾಗಿ ಕಾನೂನು ಓದುತ್ತಾರೆ. ಏಳು ವಾರ ಆದಮೇಲೆ ಉತ್ತರ ಬಂತು. 57 ಅಡಿ ಸರಿ. ಆದರೆ ಗಡಿಯಿಂದ ಅಷ್ಟೇ ದೂರ, ಅಂದರೆ 57 ಅಡಿ ಬಿಡಬೇಕು, ಬಿದ್ದರೆ ಪಕ್ಕದವರ ಜಾಗಕ್ಕೆ ಬೀಳಬಾರದು.

ನನ್ನ ಸೈಟಿನ ಅಗಲ 100 ಅಡಿ. ಸರಿಯಾಗಿ ಮಧ್ಯೆ ನಿಲ್ಲಿಸಿದರೂ 50 ಅಡಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಆಗ ಎಆರ್‌ಆರ್‌ಎಲ್‌ಗೆ ಬರೆದೆ. ಇಲ್ಲಿನ ಹ್ಯಾಮ್‌ಗಳ ರಾಷ್ಟ್ರೀಯ ಸಂಘ ಅದು, 1914ರಿಂದ ಇದೆ. ತಾವೂ ಹ್ಯಾಮ್ ಆಗಿರುವ ವಕೀಲರ ಪಟ್ಟಿ ಅವರ ಹತ್ತಿರ ಇರುತ್ತದೆ, ಮೊದಲ ಮಾತುಕತೆಗೆ ದುಡ್ಡು ತಗೊಳ್ಳುವುದಿಲ್ಲ. ಸಿಕ್ಕ ವಕೀಲರು ಒಂದೇ ಮಾತು ಹೇಳಿದರು: ಈ 57 ಅಡಿ ನಿಯಮ ಎಲ್ಲಿಂದ ಬಂತು ಅಂತ ಹುಡುಕು. ಹುಡುಕಿದೆ. ಮೊಬೈಲ್ ಕಂಪನಿಗಳ ಟವರ್‌ಗೆ ಅಂತ ಬರೆದ ಅಧ್ಯಾಯ ಅದು. ಹ್ಯಾಮ್ ಟವರ್ ಅನ್ನೋದು ಮನೆಗೆ ಸೇರಿದ ಕಟ್ಟಡ, ಹಿತ್ತಲ ಶೆಡ್ ಇದ್ದ ಹಾಗೆ. ಇದನ್ನೇ ಇಟ್ಟುಕೊಂಡು ಕೌಂಟಿಯ ಅಪೀಲು ಮಂಡಳಿಯ ಮುಂದೆ ಅಪೀಲು ಹಾಕಿದೆ.

ವಿಚಾರಣೆಗೆ ಮುಂಚೆ ಅಕ್ಕಪಕ್ಕದ ಮನೆಗಳಿಗೆಲ್ಲ ಕೌಂಟಿಯಿಂದ ನೋಟಿಸ್ ಹೋಗುತ್ತದೆ. ಆ ನೋಟಿಸ್ ತಲುಪುವ ಮೊದಲು ನಾನೇ ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ದೊಡ್ಡ ತಪ್ಪು. ಎದುರು ಮನೆಯ ಅಜ್ಜಿ, ಎಂಬತ್ತು ದಾಟಿದವರು, ಬಾಗಿಲು ತೆಗೆದಾಗ ಕೈಯಲ್ಲಿ ಆ ಕಾಗದ ಹಿಡಿದೇ ನಿಂತಿದ್ದರು. ನಾನು ತುರ್ತು ಸೇವೆಯ ಕಥೆ ಶುರು ಮಾಡಿದೆ. 2004ರ ಸುನಾಮಿ ದಿನ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್ ಸ್ಟೇಷನ್ ನಡೆಸುತ್ತಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ಅಂಡಮಾನ್‌ನಿಂದ ಸುದ್ದಿ ಮುಟ್ಟಿಸಿದ್ದು ಇತ್ಯಾದಿ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಒಳ್ಳೆಯ ಕೆಲಸ. ಆದರೆ ಇಲ್ಲಿ ಸಮುದ್ರ ಇಲ್ಲವಲ್ಲ" ಅಂದರು. ಅವತ್ತಿನಿಂದ ನಾನು ತುರ್ತು ಸೇವೆಯ ಮಾತು ಬಿಟ್ಟೆ. ನಮ್ಮವರು ಅದನ್ನು ಎಲ್ಲ ಕಡೆ ಸವೆಸಿಬಿಟ್ಟಿದ್ದಾರೆ. ನನಗೆ ಇದು ಇಷ್ಟ, ಊರಿನ ಜನರ ಜೊತೆ ಮಾತಾಡಬೇಕು ಅಂತ ಆಸೆ ಅಂತ ನೇರವಾಗಿ ಹೇಳಿದಾಗ ಜನ ಜಾಸ್ತಿ ಒಪ್ಪಿದರು.

ಅಜ್ಜಿಗೆ ನಿಜವಾಗಿ ಭಯ ಇದ್ದದ್ದು ಎರಡಕ್ಕೆ. ಒಂದು ವಿಕಿರಣ. 2021ರ ನಿಯಮದಿಂದ ಪ್ರತಿ ಹ್ಯಾಮ್ ಕೂಡ ತನ್ನ ಸ್ಟೇಷನ್ನಿನ ಆರ್‌ಎಫ್ (ರೇಡಿಯೋ ಅಲೆಯ ವಿಕಿರಣ) ಲೆಕ್ಕ ಹಾಕಲೇಬೇಕು, ನಾನು ಹಾಕಿದ್ದೆ. 100 ವಾಟ್, ಅಷ್ಟು ಎತ್ತರದಲ್ಲಿ, ಮಿತಿಗಿಂತ ತುಂಬಾ ಕೆಳಗೆ. ಆ ಹಾಳೆ ಕೊಟ್ಟೆ. ಎರಡನೆಯದು ಬೆಳಗ್ಗೆ ಅಡುಗೆಮನೆ ಕಿಟಕಿಯಿಂದ ಕಬ್ಬಿಣದ ಕಂಬ ನೋಡಬೇಕಲ್ಲ ಅಂತ. ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ನಾನು ಕೊಳ್ಳಬೇಕು ಅಂತಿದ್ದದ್ದು ಮೋಟಾರಿನಿಂದ ಏರುವ, ಇಳಿಯುವ ಟವರ್. ಇಳಿಸಿದರೆ 22 ಅಡಿ, ಮನೆ ಮಾಡಿನ ಹಿಂದೆ ಅಡಗುತ್ತದೆ. "ಬಳಸದಾಗ ಇಳಿಸಿಡುತ್ತೇನೆ" ಅಂದೆ.

ವಿಚಾರಣೆ ಒಂದೂವರೆ ಗಂಟೆ. ವಿರೋಧಕ್ಕೆ ಬಂದವರು ಇಬ್ಬರು, ಮನೆ ಬೆಲೆ ಬೀಳುತ್ತದೆ ಅನ್ನುವವರೊಬ್ಬರು, ಟಿವಿ ಕೆಡುತ್ತದೆ ಅನ್ನುವವರೊಬ್ಬರು. ರೇಡಿಯೋ ಅಡಚಣೆ ಎಫ್‌ಸಿಸಿಗೆ ಮಾತ್ರ ಸೇರಿದ ವಿಷಯ, 1982ರಲ್ಲೇ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಹಾಗೆ ಕಾನೂನು ಮಾಡಿದೆ ಅಂತ ಮಂಡಳಿಗೆ ಹೇಳಿದೆ. ಪಕ್ಕದ ಮನೆಯವರಿಗೆ ಮಾತ್ರ ಈ ಮಾತು ಯಾವತ್ತೂ ಹೇಳಬೇಡಿ, ಅವರಿಗೆ "ಏನಾದರೂ ಕೆಟ್ಟರೆ ಬಂದು ಸರಿ ಮಾಡುತ್ತೇನೆ" ಅನ್ನಿ. ಮಂಡಳಿಯ ಒಬ್ಬ ಸದಸ್ಯರು ನನ್ನ ಕೋನದ ಚಿತ್ರದ ಹಾಳೆ ಹಿಡಿದು, "ಹಾಗಾದರೆ 35 ಅಡಿ ಅಂದರೆ ಆಂಟೆನಾ ಇದ್ದೂ ಇಲ್ಲದ ಹಾಗೆ?" ಅಂತ ಕೇಳಿದರು. ಅಲ್ಲಿಗೆ ಗಾಳಿ ತಿರುಗಿತು. 4-1 ಮತದಲ್ಲಿ ಗೆದ್ದೆ.

ಆಮೇಲಿನದು ಬರೀ ದುಡಿಮೆ. ಕಟ್ಟಡದ ಪರ್ಮಿಟ್‌ಗೆ ಎಂಜಿನಿಯರ್ ಮುದ್ರೆ ಇರುವ ನಕ್ಷೆ ಬೇಕು, ಅದನ್ನು ಟವರ್ ಮಾರುವವರೇ ಕೊಡುತ್ತಾರೆ. 811ಕ್ಕೆ ಫೋನ್ ಮಾಡಿದರೆ ನೆಲದೊಳಗಿನ ಗ್ಯಾಸ್, ಕರೆಂಟ್ ಲೈನ್ ಗುರುತು ಹಾಕಿ ಹೋಗುತ್ತಾರೆ, ಪುಕ್ಕಟೆ. ಮೂರೂವರೆ ಅಡಿ ಚದರ, ಆರೂವರೆ ಅಡಿ ಆಳದ ಗುಂಡಿ. ಬಾಡಿಗೆ ಯಂತ್ರ ತರಿಸಿ ಅರ್ಧ ತೋಡುವಷ್ಟರಲ್ಲಿ ಮಳೆ, ಮರುದಿನ ನೋಡಿದರೆ ಕೆಂಪು ಮಣ್ಣಿನ ಬಾವಿ. ಬಕೆಟ್‌ನಲ್ಲಿ ನೀರು ಮೊಗೆದು ಹಾಕುವಾಗ ನೆನಪಾದದ್ದು ನಮ್ಮ ತಾತನ ಮನೆ. ಮೂರು ಘನ ಗಜ ಕಾಂಕ್ರೀಟ್ ಹೋಯಿತು. ಕೇಳಿದ ದಿನದಿಂದ ಟವರ್ ಎದ್ದ ದಿನಕ್ಕೆ ಹದಿನಾಲ್ಕು ತಿಂಗಳು.

ಟವರ್ ಎದ್ದ ಎರಡನೇ ವಾರ ಅಜ್ಜಿಯಿಂದ ಫೋನ್. ಅವರ ಹಾಸಿಗೆ ಪಕ್ಕದ ದೀಪ, ಬೆರಳು ಮುಟ್ಟಿದರೆ ಹತ್ತುವಂಥದ್ದು, ತಾನಾಗೇ ಹತ್ತಿ ಆರುತ್ತಿದೆ. ಹೋಗಿ ನೋಡಿದೆ. ಮನೆಯಿಂದ ಮಗ 7 ಮೆಗಾಹರ್ಟ್ಸ್‌ನಲ್ಲಿ ಕೀ ಒತ್ತಿದ, ದೀಪ ಮೋರ್ಸ್ ತಾಳಕ್ಕೆ ಕುಣಿಯಿತು. ಅಜ್ಜಿಗೆ ಕೋಪ ಬರುವ ಬದಲು ನಗು ಬಂತು, ನನ್ನ ಪುಣ್ಯ. ದೀಪದ ವೈರನ್ನು ರೇಡಿಯೋ ಸಿಗ್ನಲ್ ತಡೆಯುವ ಒಂದು ಫೆರೈಟ್ ಉಂಗುರದೊಳಗೆ ಎಂಟು ಸುತ್ತು ಸುತ್ತಿದೆ, ನಿಂತಿತು. ಒಂದು ಸುತ್ತಿಗೆ ಏನೂ ಆಗಲ್ಲ, ಸುಮ್ನೆ ಸಿಕ್ಕಿಸಿ ಬರಬೇಡಿ.

ಚಳಿಗಾಲದ ಬೆಳಗ್ಗೆ ಎಂಟಕ್ಕೆ, ಬೀಮ್ ಅನ್ನು (ಒಂದೇ ದಿಕ್ಕಿಗೆ ಅಲೆ ಕಳಿಸುವ ಆಂಟೆನಾ) ಉತ್ತರದಿಂದ ಪೂರ್ವಕ್ಕೆ 30 ಡಿಗ್ರಿಗೆ ತಿರುಗಿಸುತ್ತೇನೆ. ಬೆಂಗಳೂರಿನಲ್ಲಿ ಆಗ ಸಂಜೆ ಆರೂವರೆ. ಮೊದಲ ಸಲ ವಿಯು2 ಅಂತ ಶುರುವಾಗುವ ಭಾರತದ ಕಾಲ್‌ಸೈನ್ ಕೇಳಿದಾಗ ಕೈ ನಡುಗಿತು. ಇಲ್ಲಿನ ನಿಯಮದಲ್ಲಿ ಕಾಲ್‌ಸೈನ್ ಇಂಗ್ಲಿಷಿನಲ್ಲಿ ಹೇಳಿದರೆ ಸಾಕು, ಮಾತು ಯಾವ ಭಾಷೆಯಲ್ಲಾದರೂ ಆಡಬಹುದು. "ಊಟ ಆಯ್ತಾ ಸಾರ್" ಅಂದೆ. "ಇನ್ನೂ ಕಾಫಿ ಟೈಮು" ಅಂತ ಬಂತು, ಗೊರಗೊರ ಸದ್ದಿನ ನಡುವೆ.

ಜೋರು ಗಾಳಿ ಬರುತ್ತದೆ ಅಂತ ಗೊತ್ತಾದರೆ ಟವರ್ ಇಳಿಸುತ್ತೇನೆ. ಹೋದ ತಿಂಗಳು ಹೀಗೆ ಇಳಿಸುತ್ತಿದ್ದಾಗ ಅಜ್ಜಿ ಹೊರಗೆ ಬಂದು ಒಂದು ಕ್ಷಣ ನೋಡಿದರು, ಒಣಹಾಕಿದ್ದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು.